ಐಡ್ಲರ್ ಗೇರ್ ಬಿಚ್ಚಿ ಹಾಕಿದ ಮೇಲೆ ಬಿಳಿ ಹೊಗೆ: ಟೈಮಿಂಗ್ ಎಲ್ಲಿ ತಪ್ಪಿದೆ?

ಪ್ರಶ್ನೆ

ಆರು ಸಿಲಿಂಡರಿನ ಹಳೆಯ ಡೀಸೆಲ್ ಲಾರಿ, ಸಿಲಿಂಡರುಗಳಿಗೆ ಡೀಸೆಲ್ ಒತ್ತಿ ಕಳಿಸುವುದು ಇನ್‌ಲೈನ್ ಪಂಪ್. ಮುಂದಿನ ಆಯಿಲ್ ಸೀಲ್ ಸೋರುತ್ತಿತ್ತು. ಇಷ್ಟಕ್ಕೆಲ್ಲ ಮೆಕ್ಯಾನಿಕ್ ಏಕೆ ಎಂದು ಗೇರುಗಳ ಮುಂದಿನ ಮುಚ್ಚಳವಾದ ಟೈಮಿಂಗ್ ಕವರನ್ನು ನಾನೇ ಬಿಚ್ಚಿದೆ. ಬಿಚ್ಚಿದ ಮೇಲೆ ಕೈ ಸುಮ್ಮನಿರುತ್ತದೆಯೇ? ಕ್ರ್ಯಾಂಕಿನಿಂದ, ವಾಲ್ವ್ ತೆರೆಯುವ ಕ್ಯಾಮಿಗೂ ಪಂಪಿಗೂ ತಿರುವು ದಾಟಿಸುವ ಐಡ್ಲರ್ ಗೇರ್ ಅಲುಗಾಡುತ್ತಿತ್ತು, ಅದರ ಬುಶ್ಶನ್ನೂ ಬದಲಿಸಿದೆ. ಗೇರುಗಳ ಮೇಲಿನ ಗುರುತುಗಳನ್ನೆಲ್ಲ ಕೂಡಿಸಿ ಗೇರ್ ಹಾಕಿ, ಪರೀಕ್ಷೆಗೆಂದು ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದೆ. ಐಡ್ಲರ್ ಗುರುತು ಮತ್ತೆ ಕೂಡಲಿಲ್ಲ! ಗಾಬರಿಯಾಗಿ ಮಾರನೆಯ ದಿನ ಇನ್ನೊಮ್ಮೆ ಬಿಚ್ಚಿ ಹೊಸದಾಗಿ ಜೋಡಿಸಿದೆ.

ಈಗ ಎಂಜಿನ್ ಬಹಳ ಹೊತ್ತು ಸ್ಟಾರ್ಟರ್ ತಿರುಗಿಸಿದ ಮೇಲೆ ಹತ್ತುತ್ತದೆ. ಕಣ್ಣು ಉರಿಸುವ ಬಿಳಿ ಹೊಗೆ. ಏರಿನಲ್ಲಿ ಎಳೆಯುವುದೇ ಇಲ್ಲ, ಮೀಟರಿನ ಮುಳ್ಳು ಬಿಸಿಯ ಕಡೆಗೆ ಸರಿಯುತ್ತದೆ. ಪಂಪಿನ ಬೋಲ್ಟ್ ಸಡಿಲಿಸಿ, ಟೈಮಿಂಗ್ ಮುಂದಾಗುವಂತೆ (ಡೀಸೆಲ್ ಬೇಗ ಸಿಂಪಡಿಸುವಂತೆ) ಸ್ಲಾಟಿನ, ಅಂದರೆ ಬೋಲ್ಟಿನ ಉದ್ದ ತೂತಿನ, ತುದಿಯವರೆಗೂ ತಿರುಗಿಸಿದೆ. ಹೊಗೆ ಸ್ವಲ್ಪ ಇಳಿಯಿತು, ಹೋಗಲಿಲ್ಲ. ಕ್ಯಾಮ್ ತಪ್ಪಿದೆಯೋ, ಪಂಪ್ ತಪ್ಪಿದೆಯೋ? ಕವರ್ ತೆಗೆಯುವ ಮೊದಲೇ ತಿಳಿಯುವ ದಾರಿ ಇದೆಯೇ?

ಉತ್ತರ 1

ಮೊದಲು ಡೀಸೆಲ್ ಲೈನಿನ ಗಾಳಿ ತೆಗೆಯಿರಿ. ಗಾಳಿ ಹೊಕ್ಕರೂ ಹೀಗೆಯೇ ಸತಾಯಿಸುತ್ತದೆ. ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ನೀರು ಸಿಲಿಂಡರಿಗೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ನೋಡಿ. ಆ ಹೊಗೆಯೂ ಬಿಳಿಯೇ, ಆದರೆ ಕಣ್ಣು ಉರಿಯುವುದಿಲ್ಲ.

ಉತ್ತರ 2

ಕಣ್ಣು ಉರಿಯುತ್ತದೆ ಎಂದರೆ ಅದು ಉರಿಯದೆ ಹೊರಬಂದ ಡೀಸೆಲ್. ಇಂಜೆಕ್ಷನ್, ಅಂದರೆ ಡೀಸೆಲ್ ಸಿಂಪಡಣೆ, ತಡವಾಗಿದೆ. ಸ್ಲಾಟಿನ ತುದಿ ಮುಟ್ಟಿದೆ ಎಂದಾಗಲೇ ನಿಮಗೆ ಉತ್ತರ ಸಿಕ್ಕಿತ್ತು. ಸ್ಲಾಟ್ ಇರುವುದು ಕೆಲವೇ ಡಿಗ್ರಿಯ ತಿದ್ದುಪಡಿಗೆ. ನಿಮ್ಮ ಪಂಪ್ ಗೇರಿಗೆ 48 ಹಲ್ಲುಗಳಿವೆ ಎಂದುಕೊಳ್ಳಿ. ಒಂದು ಹಲ್ಲು ತಪ್ಪಿದರೆ ಪಂಪಿನಲ್ಲಿ 7.5 ಡಿಗ್ರಿ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಪಂಪ್ ಒಂದು ಸುತ್ತು, ಹಾಗಾಗಿ ಕ್ರ್ಯಾಂಕಿನ ಲೆಕ್ಕದಲ್ಲಿ 15 ಡಿಗ್ರಿ. ಅಷ್ಟನ್ನು ಯಾವ ಸ್ಲಾಟೂ ತುಂಬಿಕೊಡುವುದಿಲ್ಲ.

ಇನ್ನು ಕ್ಯಾಮ್. ಕ್ರ್ಯಾಂಕಿಗೂ ಐಡ್ಲರಿಗೂ ನಡುವೆ ಹಲ್ಲು ತಪ್ಪಿದ್ದರೆ ಕ್ಯಾಮ್, ಪಂಪ್ ಎರಡೂ ಸರಿದಿರುತ್ತವೆ. ಪಂಪಿನ ಜೋಡಣೆ ಮಾತ್ರ ತಪ್ಪಿದ್ದರೆ ಕ್ಯಾಮ್ ಸರಿಯಾಗಿಯೇ ಇರುತ್ತದೆ. ಇದನ್ನು ತಿಳಿಯಲು ಟೈಮಿಂಗ್ ಕವರ್ ತೆಗೆಯಬೇಕಾಗಿಲ್ಲ. ಎಂಜಿನ್ ಮೇಲಿನ ಟ್ಯಾಪೆಟ್ ಕವರ್ ತೆಗೆದು ಒಂದನೇ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಶನ್ನಿನ (ಗಾಳಿ ಒತ್ತುವ ಹಂತದ) ತುತ್ತತುದಿಗೆ ತನ್ನಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-5-3-6-2-4 ಆಗಿದ್ದರೆ ಆಗ ಆರನೆಯದರಲ್ಲಿ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಿರುತ್ತದೆ, ಇನ್ಲೆಟ್ ತೆರೆಯುತ್ತಿರುತ್ತದೆ. ವಾಲ್ವುಗಳನ್ನು ಒತ್ತುವ ಎರಡೂ ರಾಕರ್‌ಗಳು ತಕ್ಕಡಿಯಂತೆ ತೂಗುತ್ತವೆ. ಆ ತೂಗಾಟ ಕ್ರ್ಯಾಂಕ್ ಪುಲ್ಲಿಯ ತುತ್ತತುದಿ ಗುರುತಿನ ಆಸುಪಾಸಿನಲ್ಲಿಯೇ ಆದರೆ ಕ್ಯಾಮ್ ಹೆಚ್ಚುಕಡಿಮೆ ಸರಿಯಿದೆ. ಸ್ಪಷ್ಟವಾಗಿ ಮೊದಲೋ ನಂತರವೋ ಆದರೆ ಸ್ಟಾರ್ಟ್ ಮಾಡಲೇಬೇಡಿ, ವಾಲ್ವ್ ಪಿಸ್ಟನ್ನಿಗೆ ತಾಗಬಹುದು. ಕಂಪನ ತಗ್ಗಿಸಲು ರಬ್ಬರ್ ಇರುವ ಡ್ಯಾಂಪರ್ ಪುಲ್ಲಿಯಾದರೆ ಅದರ ಗುರುತನ್ನೂ ಕಣ್ಣುಮುಚ್ಚಿ ನಂಬಬೇಡಿ. ಹೊರಗಿನ ಬಳೆ ಜಾರಿರುವುದನ್ನು ನಾನು ನೋಡಿದ್ದೇನೆ.

ಐಡ್ಲರ್ ಗುರುತು ಎರಡು ಸುತ್ತಿನಲ್ಲಿ ಮರಳಿ ಕೂಡದಿರುವುದು ಬಹಳ ಎಂಜಿನ್‌ಗಳಲ್ಲಿ ಸಹಜ. ಅದರ ಹಲ್ಲಿನ ಲೆಕ್ಕ ಕ್ರ್ಯಾಂಕಿನದಕ್ಕೆ ಸರಿಯಾಗಿ ಭಾಗವಾಗುವುದಿಲ್ಲ. ನಿಮ್ಮ ಮೊದಲ ಜೋಡಣೆಯೇ ಸರಿಯಿತ್ತೇನೋ.

ಉತ್ತರ 3

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು. ಗೇರಿನ ಹಲ್ಲು ಓರೆಯಾಗಿದ್ದರೆ ಒಳಗೆ ತಳ್ಳುವಾಗ ಗೇರ್ ತಿರುಗುತ್ತಾ ಕೂರುತ್ತದೆ. ಅಂಚಿನಲ್ಲಿ ಗುರುತು ಕೂಡಿದೆ ಎಂದು ತಳ್ಳಿದರೆ ಕೂತ ಮೇಲೆ ಒಂದು ಹಲ್ಲು ಆಚೆ ಇರುತ್ತದೆ. ಪಂಪಿನ ಒಳಗಿನ ಸ್ಪ್ರಿಂಗ್ ಬೇರೆ ಶಾಫ್ಟನ್ನು ಒದ್ದುಬಿಡುತ್ತದೆ. ಪೂರ್ತಿ ಕೂತ ನಂತರವೇ ಗುರುತು ನೋಡಬೇಕು.

ಕೊನೆಗೆ ಸ್ಪಿಲ್ ಟೈಮಿಂಗ್ (ಪಂಪಿನಿಂದ ಹರಿಯುವ ಡೀಸೆಲ್ ನಿಲ್ಲುವ ಕ್ಷಣದಿಂದ ಇಂಜೆಕ್ಷನ್ ಶುರುವಾಗುವ ಹಂತ ಗುರುತಿಸುವುದು) ನೋಡುವಾಗ ಕ್ರ್ಯಾಂಕನ್ನು ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಗುರುತು ದಾಟಿದರೆ ಸಾಕಷ್ಟು ಹಿಂದಕ್ಕೆ ಹೋಗಿ ಮತ್ತೆ ಬನ್ನಿ. ಇಲ್ಲದಿದ್ದರೆ ಹಲ್ಲುಗಳ ನಡುವಿನ ಸಡಿಲ ಸುಳ್ಳು ಹೇಳುತ್ತದೆ. ಡೀಸೆಲ್ ಸಿಂಪಡಿಸುವ ನಾಜಲ್ಲಿನ ಪೈಪ್ ಸಡಿಲಿಸಿ ಎಂಜಿನ್ ಓಡಿಸಿ ಕೈ ಹಿಡಿದು ನೋಡುವ ಅಭ್ಯಾಸವಿದ್ದರೆ ಬಿಡಿ. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಗಾಳಿ ತೆಗೆದೆ, ವ್ಯತ್ಯಾಸವಾಗಲಿಲ್ಲ. ನೀರಿನ ಮಟ್ಟ ಹಾಗೆಯೇ ಇದೆ. ಆರನೆಯ ಸಿಲಿಂಡರಿನ ರಾಕರ್‌ಗಳು ಗುರುತಿನ ಹತ್ತಿರವೇ ತೂಗಿದವು, ಜೀವ ಬಂದಂತಾಯಿತು. ಮತ್ತೆ ಕವರ್ ತೆಗೆದೆ. ನಾಜಲ್‌ಗಳನ್ನು ಬಿಚ್ಚಿ, ಎಲ್ಲ ಗುರುತುಗಳೂ ಎದುರಾಗುವವರೆಗೆ ಕ್ರ್ಯಾಂಕ್ ತಿರುಗಿಸುತ್ತಾ ಹೋದೆ. ಎಷ್ಟು ಸುತ್ತು ಎಂದು ಎಣಿಸುವುದನ್ನು ನಡುವೆಯೇ ಬಿಟ್ಟೆ. ಕ್ರ್ಯಾಂಕ್, ಕ್ಯಾಮ್ ಎರಡೂ ಐಡ್ಲರಿಗೆ ಸರಿಯಾಗಿ ಕೂಡಿದವು. ಪಂಪ್ ಮಾತ್ರ ಒಂದು ಹಲ್ಲು ಹಿಂದೆ. ಹಲ್ಲು ಓರೆಯೇ. ಮೊದಲ ದಿನ ಸರಿಯಾಗಿ ಹಾಕಿದ್ದನ್ನು ಎರಡನೆಯ ದಿನ ನಾನೇ ಕೆಡಿಸಿದ್ದೆ.

ಸರಿಪಡಿಸಿ, ಸ್ಲಾಟನ್ನು ಹಳೆಯ ಗೆರೆಗೆ ತಂದು, ಸ್ಪಿಲ್ ಟೈಮಿಂಗ್ ನೋಡಿದ ಮೇಲೆ ಸ್ಟಾರ್ಟರ್ ಮುಟ್ಟುತ್ತಿದ್ದಂತೆಯೇ ಎಂಜಿನ್ ಹತ್ತಿತು. ಹೊಗೆ ಇಲ್ಲ, ಭಾರ ಹೇರಿದಾಗಲೂ ಮುಳ್ಳು ನಡುವೆಯೇ ನಿಂತಿದೆ. ಆಯಿಲ್ ಸೀಲ್ ಮಾತ್ರ ಈಗಲೂ ಹನಿ ಹಾಕುತ್ತಿದೆ. ಪುಲ್ಲಿಯ ಹಬ್ಬಿನ (ಸೀಲ್ ಉಜ್ಜುವ ನಡುಗೊಳವೆಯ) ಮೇಲೆ ಹಳೆಯ ಸೀಲ್ ಕೊರೆದ ಗೆರೆ ಉಗುರಿಗೆ ಸಿಗುತ್ತದೆ. ಮೊಟ್ಟಮೊದಲು ನೋಡಬೇಕಿದ್ದದ್ದು ಅದನ್ನೇ.