ಇಂಜೆಕ್ಷನ್ ನಾನೇ ಹಾಕಿಕೊಳ್ಳಬೇಕು, ಯಾವ ಜಾಗ ಸೇಫ್ ಸಿಸ್ಟರ್?

ಪ್ರಶ್ನೆ: ನಮಸ್ಕಾರ ಸಿಸ್ಟರ್. ನನಗೆ ಬಿ12 ಕಡಿಮೆ ಇದೆ ಅಂತ ಡಾಕ್ಟರು ಇಂಜೆಕ್ಷನ್ ಬರೆದಿದ್ದಾರೆ. 1 ಎಂಎಲ್, ಮಾಂಸಖಂಡಕ್ಕೇ ಕೊಡಬೇಕಂತೆ. ಇಷ್ಟು ದಿನ ಕ್ಲಿನಿಕ್‌ನಲ್ಲಿ ಸೊಂಟಕ್ಕೆ, ಅಂದರೆ ಪಿರ್ರೆಗೆ, ಕೊಡುತ್ತಿದ್ದರು. ಇನ್ನು ಮನೆಯಲ್ಲೇ ಹಾಕಿಕೊಳ್ಳಿ ಅಂದಿದ್ದಾರೆ. ಕನ್ನಡಿ ಮುಂದೆ ನಿಂತು ತಿರುಗಿ ನೋಡಿದೆ, ಕೈಯೇ ಸರಿಯಾಗಿ ಎಟುಕುತ್ತಿಲ್ಲ. ಏನು ಮಾಡಲಿ?

ಉತ್ತರ: ನಮಸ್ಕಾರ. ಆ ಜಾಗ ಬಿಟ್ಟುಬಿಡಿ. ತೊಡೆಯ ಹೊರಬದಿಗೆ ಹಾಕಿಕೊಳ್ಳಿ. ಒಬ್ಬರೇ ಹಾಕಿಕೊಳ್ಳುವವರಿಗೆ ನಾನು ಮೊದಲು ಹೇಳುವ ಜಾಗ ಅದೇ.

ಕಾರಣ ಹೇಳುತ್ತೇನೆ. ಪಿರ್ರೆಯ ಒಳಗೆ ಸಯಾಟಿಕ್ ನರ ಹಾದುಹೋಗುತ್ತದೆ. ದೇಹದಲ್ಲೇ ಅತಿ ದಪ್ಪನೆಯ ನರ ಅದು. ಸೂಜಿ ಅದಕ್ಕೆ ತಗುಲಿದರೆ ಕಾಲು ಜೋಮು ಹಿಡಿಯಬಹುದು, ಪಾದ ಮೇಲಕ್ಕೆತ್ತಲು ಆಗದೆಯೂ ಹೋಗಬಹುದು. ದೊಡ್ಡ ರಕ್ತನಾಳವೂ ಅಲ್ಲೇ ಇದೆ. ಜೊತೆಗೆ ಅಲ್ಲಿ ಕೊಬ್ಬು ಜಾಸ್ತಿ, ಎಷ್ಟೋ ಸಲ ಔಷಧಿ ಮಾಂಸಖಂಡ ಮುಟ್ಟದೆ ಕೊಬ್ಬಿನಲ್ಲೇ ಉಳಿಯುತ್ತದೆ. ನೀವು ಹಿಂದಕ್ಕೆ ತಿರುಗಿದಾಗ ಮಾಂಸಖಂಡ ಬಿಗಿಯಾಗುತ್ತದೆ, ಕಣ್ಣಳತೆಯೂ ತಪ್ಪುತ್ತದೆ. ತೊಡೆಯ ಹೊರಬದಿ ಹಾಗಲ್ಲ. ಕಣ್ಣೆದುರಿಗೇ ಇರುತ್ತದೆ. ಮಾಂಸಖಂಡ ದಪ್ಪ, ಚುಚ್ಚುವ ಕಡೆ ದೊಡ್ಡ ನರವಾಗಲಿ ರಕ್ತನಾಳವಾಗಲಿ ಇಲ್ಲ. ಜೋರು ಅಲರ್ಜಿಯಾದವರು ಇಟ್ಟುಕೊಳ್ಳುವ ಅಡ್ರಿನಲಿನ್ ಪೆನ್ನನ್ನೂ ಅಲ್ಲಿಗೇ ಚುಚ್ಚಿಕೊಳ್ಳುವುದು, ಅವಸರದಲ್ಲಿ ಬಟ್ಟೆಯ ಮೇಲಿಂದಲೇ.

ಪ್ರಶ್ನೆ: ತೊಡೆ ಉದ್ದ ಇದೆಯಲ್ವಾ, ಸರಿಯಾದ ಜಾಗ ಗುರುತಿಸುವುದು ಹೇಗೆ?

ಉತ್ತರ: ಸ್ಕೇಲ್ ಏನೂ ಬೇಡ, ನಿಮ್ಮ ಅಂಗೈಯೇ ಅಳತೆ. ಕುರ್ಚಿ ಮೇಲೆ ಕೂತು ಪಾದವನ್ನು ನೆಲಕ್ಕೆ ಊರಿ, ಕಾಲು ಸಡಿಲ ಬಿಡಿ. ಸೊಂಟದ ಪಕ್ಕದಲ್ಲಿ, ತೊಡೆ ಶುರುವಾಗುವ ಕಡೆ, ಮೂಳೆಯ ಉಬ್ಬೊಂದು ಕೈಗೆ ಸಿಗುತ್ತದೆ. ಸಿಗದಿದ್ದರೆ ಎದ್ದು ನಿಂತು ಹುಡುಕಿ. ಅದರ ಕೆಳಗೆ ಒಂದು ಅಂಗೈಯನ್ನು ಅಡ್ಡವಾಗಿ ಇಡಿ. ಇನ್ನೊಂದನ್ನು ಮಂಡಿಚಿಪ್ಪಿನ ಮೇಲ್ಗಡೆ ಅಡ್ಡವಾಗಿ ಇಡಿ. ಎರಡು ಕೈಗಳ ನಡುವೆ ಉಳಿದದ್ದೇ ನಿಮ್ಮ ಜಾಗ. ಈಗ ಅಗಲದ ಲೆಕ್ಕ. ಪ್ಯಾಂಟಿನ ಪಕ್ಕದ ಹೊಲಿಗೆ ಬರುತ್ತದಲ್ಲ, ಅದಕ್ಕೂ ತೊಡೆಯ ಮುಂಭಾಗದ ನಡುಗೆರೆಗೂ ಮಧ್ಯೆ ಚುಚ್ಚಬೇಕು. ಒಳತೊಡೆಗೆ ಮಾತ್ರ ಯಾವತ್ತೂ ಹೋಗಬೇಡಿ, ದೊಡ್ಡ ರಕ್ತನಾಳಗಳು ಇರುವುದು ಆ ಕಡೆ. ಮಂಡಿಯ ಹತ್ತಿರಕ್ಕೂ ಇಳಿಯಬೇಡಿ.

ಬೆರಳಿಂದ ಒತ್ತಿ ನೋಡಿ. ಗಂಟು, ಗಾಯ, ಹಳೆ ಕಲೆ, ಕೆಂಪು, ನೋವು ಏನಾದರೂ ಇದ್ದರೆ ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಸ್ಪಿರಿಟ್ ಹಚ್ಚಿದ ಮೇಲೆ ತಾನಾಗಿ ಆರಲಿ, ಊದಬೇಡಿ. ಹಸಿ ಸ್ಪಿರಿಟ್ ಸೂಜಿಯ ಜೊತೆ ಒಳಗೆ ಹೋದರೆ ಉರಿಯುತ್ತದೆ. ಸೂಜಿ ನೇರವಾಗಿ, 90 ಡಿಗ್ರಿಯಲ್ಲಿ ಹೋಗಬೇಕು. ಮೊದಲ ಸಲ ನರ್ಸ್ ಎದುರಿಗೇ ಹಾಕಿಕೊಳ್ಳಿ, ಅವರು ಸರಿ ಅಂದಮೇಲೆ ಮನೆಯಲ್ಲಿ.

ಪ್ರಶ್ನೆ (ಇನ್ನೊಬ್ಬರು): ಸಿಸ್ಟರ್, ನಡುವೆ ಬಾಯಿ ಹಾಕುತ್ತಿದ್ದೇನೆ. ತೋಳಿಗೆ ಹಾಕಿಕೊಳ್ಳಬಾರದಾ? ಲಸಿಕೆ ಎಲ್ಲ ಅಲ್ಲಿಗೇ ಕೊಡುತ್ತಾರಲ್ವಾ?

ಉತ್ತರ: ಬೇರೆಯವರು ಕೊಡುವುದಾದರೆ ಸರಿ. ನೀವೇ ಹಾಕಿಕೊಳ್ಳುವಾಗ ಒಂದೇ ಕೈ ಉಳಿಯುತ್ತದೆ, ಚರ್ಮ ಹಿಡಿಯಲು ಇನ್ನೊಂದು ಇಲ್ಲ. ಭುಜದ ಮಾಂಸಖಂಡ ಚಿಕ್ಕದು, ಸಾಮಾನ್ಯವಾಗಿ 1 ಎಂಎಲ್‌ವರೆಗೆ ಸಾಕು. ತುಂಬಾ ಮೇಲೆ ಹೋದರೆ ಭುಜದ ಕೀಲಿಗೆ ತೊಂದರೆ, ಕೆಳಗೆ ಹೋದರೆ ನರಕ್ಕೆ. ಸುಮ್ನೆ ಯಾಕೆ? ಸೊಂಟದ ಪಕ್ಕದಲ್ಲಿ, ಪಿರ್ರೆಗಿಂತ ಮುಂದೆ, ಇನ್ನೊಂದು ಒಳ್ಳೆಯ ಜಾಗ ಇದೆ. ಅದನ್ನು ಮೂಳೆಗಳ ಗುರುತು ಹಿಡಿದು ಹುಡುಕಬೇಕು. ಓದಿ ಕಲಿಯುವಂಥದ್ದಲ್ಲ, ನಿಮ್ಮ ನರ್ಸ್ ಮುಟ್ಟಿ ತೋರಿಸಬೇಕು.

ಪ್ರಶ್ನೆ (ಮೊದಲು ಕೇಳಿದವರು): ಮನೆಯಲ್ಲಿ ಅಮ್ಮನ ಇನ್ಸುಲಿನ್ ಸಿರಿಂಜ್ ಇದೆ. ಸಣ್ಣ ಸೂಜಿ, ನೋವೂ ಕಡಿಮೆ. ಅದೇ ಬಳಸಲಾ?

ಉತ್ತರ: ದಯವಿಟ್ಟು ಬೇಡ. ಇನ್ಸುಲಿನ್ ಚರ್ಮದ ಕೆಳಗಿನ ಕೊಬ್ಬಿಗೆ ಹೋಗುವ ಔಷಧಿ, ಅದಕ್ಕೇ ಸೂಜಿ ಗಿಡ್ಡ. ಅದು ನಿಮ್ಮ ಮಾಂಸಖಂಡದವರೆಗೆ ಮುಟ್ಟುವುದಿಲ್ಲ. ದೊಡ್ಡವರ ತೊಡೆಗೆ ಸಾಮಾನ್ಯವಾಗಿ 1ರಿಂದ 1.5 ಇಂಚಿನ ಸೂಜಿ ಬೇಕು. ತುಂಬಾ ತೆಳ್ಳಗಿದ್ದರೆ ಗಿಡ್ಡ, ದಪ್ಪ ಇದ್ದರೆ ಉದ್ದ. ನಿಮಗೆ ಯಾವುದು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಪ್ರಶ್ನೆ: ಚುಚ್ಚಿದ ಮೇಲೆ ಪಿಸ್ಟನ್ ಹಿಂದಕ್ಕೆ ಎಳೆದು ರಕ್ತ ನೋಡಬೇಕಾ? ಒಬ್ಬರು ಹೌದು ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ.

ಉತ್ತರ: ಇಬ್ಬರ ಮಾತಿಗೂ ಕಾರಣ ಇದೆ. ಮೊದಲು ಎಲ್ಲರಿಗೂ ಹಾಗೇ ಕಲಿಸುತ್ತಿದ್ದರು. ಲಸಿಕೆ ಕೊಡುವಾಗ ಎಳೆದು ನೋಡಬೇಕಿಲ್ಲ ಅಂತ ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಆದರೆ ಎಣ್ಣೆಯಲ್ಲಿ ಕರಗಿಸಿದ ಹಾರ್ಮೋನ್‌ನಂಥ ಔಷಧಿ ಹಾಕಿಕೊಳ್ಳುವವರಿಗೆ ಎಳೆದು ನೋಡಿ ಅಂತ ಹೇಳಿಕೊಟ್ಟಿರಬಹುದು. ನಿಮ್ಮ ಔಷಧಿಗೆ ಹೇಗೆ ಹೇಳಿಕೊಟ್ಟರೋ ಹಾಗೇ ಮಾಡಿ. ಸಿರಿಂಜ್ ಒಳಗೆ ರಕ್ತ ಕಂಡರೆ ಔಷಧಿ ತಳ್ಳಬೇಡಿ. ಸೂಜಿ ಹೊರಗೆ ತೆಗೆದು, ಅದನ್ನು ಬಿಸಾಡಿ, ಹೊಸ ಸಿರಿಂಜ್ ಮತ್ತು ಹೊಸ ಔಷಧಿ ತೆಗೆದುಕೊಳ್ಳಿ. ಸೂಜಿ ತೆಗೆದ ಮೇಲೆ ಹೊರಗೆ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ, ಹತ್ತಿಯಿಂದ ಒತ್ತಿ ಹಿಡಿಯಿರಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಚುಚ್ಚಿದಾಗ ಕರೆಂಟ್ ಹೊಡೆದಂತೆ ಕಾಲುದ್ದಕ್ಕೂ ಜುಂ ಅಂದರೆ, "ಇನ್ನು ಸ್ವಲ್ಪವೇ ಅಲ್ವಾ" ಅಂತ ಪೂರ್ತಿ ತಳ್ಳಬೇಡಿ. ತಕ್ಷಣ ಸೂಜಿ ತೆಗೆಯಿರಿ. ಜೋಮು ಇಳಿಯದಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಪ್ರತಿ ಸಲ ಬಲಗಾಲೇ ಸುಲಭ ಅನಿಸುತ್ತೆ. ಅಲ್ಲೇ ಹಾಕಿಕೊಂಡರೆ ಆಗಲ್ವಾ?

ಉತ್ತರ: ಒಂದೇ ಕಡೆ ಚುಚ್ಚುತ್ತಾ ಹೋದರೆ ಮಾಂಸ ಗಟ್ಟಿಯಾಗಿ ಗಂಟು ಕಟ್ಟುತ್ತದೆ, ಔಷಧಿಯೂ ಸರಿಯಾಗಿ ಹೀರಲ್ಲ. ಈ ಸಲ ಬಲ, ಮುಂದಿನ ಸಲ ಎಡ. ಅದೇ ಕಾಲಿಗೆ ಮರಳಿ ಬಂದಾಗಲೂ ಹಿಂದಿನ ಜಾಗದಿಂದ ಒಂದೆರಡು ಬೆರಳು ದೂರ ಹೋಗಿ. ಕ್ಯಾಲೆಂಡರಿನಲ್ಲಿ "ಬಲ", "ಎಡ" ಅಂತ ಬರೆದಿಡಿ, ನೆನಪಿನ ಮೇಲೆ ಬಿಡಬೇಡಿ.

ಒಂದೆರಡು ದಿನ ನೋವಿದ್ದರೆ ಸಹಜ. ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಕೀವು ಅಥವಾ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ತುಟಿ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಒಂದು ಕ್ಷಣವೂ ಕಾಯದೆ ಆಂಬ್ಯುಲೆನ್ಸ್ ಕರೆಯಿರಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಾಂಸಖಂಡಕ್ಕೆ ಇಂಜೆಕ್ಷನ್ ಹಾಕಿಕೊಳ್ಳುವ ಮೊದಲೇ ಡಾಕ್ಟರಿಗೆ ಹೇಳಬೇಕು, ಒಳಗೆ ರಕ್ತ ಕಟ್ಟಿಕೊಳ್ಳಬಹುದು. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಬೇಡಿ, ಕೈಗೆ ಚುಚ್ಚಿಕೊಳ್ಳುವುದು ಆಗಲೇ. ಹಾಗೇ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿ. ಡಬ್ಬಿ ಮುಕ್ಕಾಲು ತುಂಬಿದಾಗ ಎಲ್ಲಿ ಕೊಡಬೇಕು ಅಂತ ನಿಮ್ಮ ಕ್ಲಿನಿಕ್‌ನಲ್ಲೇ ಕೇಳಿ.