ಬಿಳಿ ಕುದುರೆಗೆ ಕೆಂಪು ಮರಿ: ಮುಂದೆ ಬೆಳ್ಳಗಾಗುತ್ತದಾ?

ಕೇಳಿದವರು, ದಾವಣಗೆರೆ: ಮದುವೆ ಮೆರವಣಿಗೆಗೆ ಸಾಕಿರುವ ಬಿಳಿ ಹೆಣ್ಣು ಕುದುರೆಯನ್ನು ಕೆಂಪು ಗಂಡಿನ ಜೊತೆ ಕ್ರಾಸ್ ಮಾಡಿಸಿದ್ದೆವು. ಮರಿ ಅಚ್ಚ ಕೆಂಪು, ಈಗ ಎರಡು ತಿಂಗಳು. ತಾಯಿಯ ಬಣ್ಣ ಬರುತ್ತದಾ? ಇಟ್ಟುಕೊಳ್ಳೋದಾ, ಮಾರೋದಾ?

ಪಶುವೈದ್ಯ, ಚಿತ್ರದುರ್ಗ: ಮೊದಲು ತಾಯಿಯ ಮೂತಿ, ಕಣ್ಣಿನ ಸುತ್ತ, ಬಾಲದ ಬುಡ ನೋಡಿ ಸರ್. ಕೂದಲು ಬಿಳಿ, ಚರ್ಮ ಕಪ್ಪು ಅಂದರೆ ಅದು ಹುಟ್ಟಾ ಬಿಳಿಯಲ್ಲ, ನರೆತ ಕುದುರೆ. ಗ್ರೇ ಜೀನಿನ ಕೆಲಸ. ಇಂಥವು ಕೆಂಪೋ ಕಪ್ಪೋ ಆಗಿ ಹುಟ್ಟಿ, ಸಾಮಾನ್ಯವಾಗಿ ಆರೆಂಟು ವರ್ಷಕ್ಕೆ ಬೆಳ್ಳಗಾಗುತ್ತವೆ. ಚರ್ಮವೂ ಗುಲಾಬಿಯಾಗಿದ್ದರೆ ನುಕ್ರಾ ಥರದ್ದು, ಅಂದರೆ ಹುಟ್ಟಾ ಬಿಳಿ. ಆ ಬಿಳುಪು ಹುಟ್ಟುವಾಗಲೇ ಬರಬೇಕು, ಆಮೇಲೆ ಬರುವುದಿಲ್ಲ.

ಕೇಳಿದವರು: ಮೂತಿ ಕಪ್ಪೇ ಇದೆ.

ಕುದುರೆ ಸಾಕಣೆ, ಹರಿಹರ: ಹಾಗಾದರೆ ಲೆಕ್ಕ ಸುಲಭ. ಪ್ರತಿ ಜೀನಿಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬರುತ್ತದೆ; ಗ್ರೇ ಜೀನ್ ಒಂದು ಪ್ರತಿ ಇದ್ದರೂ ಕೆಲಸ ಮಾಡುತ್ತದೆ, ಅವಿತು ಕೂರುವ ಜಾತಿಯಲ್ಲ. ಗಂಡು ಹತ್ತು ವರ್ಷ ದಾಟಿಯೂ ಕೆಂಪಾಗೇ ಇದ್ದರೆ ಅದರಲ್ಲಿ ಇಲ್ಲ ಅಂತಲೇ ತಿಳಿಯಿರಿ. ಉಳಿದಿದ್ದು ತಾಯಿ: ಎರಡು ಪ್ರತಿ ಇದ್ದರೆ ಎಲ್ಲ ಮರಿಗಳೂ ನರೆಯುತ್ತವೆ, ಒಂದೇ ಇದ್ದರೆ ಅರ್ಧಕ್ಕರ್ಧ. ಆ ತಾಯಿಯ ಹಿಂದಿನ ಯಾವುದಾದರೂ ಮರಿ ದೊಡ್ಡದಾದ ಮೇಲೂ ಬಣ್ಣ ಉಳಿಸಿಕೊಂಡಿದ್ದರೆ ಒಂದೇ ಪ್ರತಿ, ಅನುಮಾನವಿಲ್ಲ.

ಮರಿಯ ರೆಪ್ಪೆ, ಕಣ್ಣಂಚು ದಿನದ ಬೆಳಕಲ್ಲಿ ನೋಡಿ. ಕನ್ನಡಕ ಹಾಕಿದ ಹಾಗೆ ಬಿಳಿ ಕೂದಲು ಬರುತ್ತಿದ್ದರೆ ಗ್ರೇ. ಹಣೆಯ ಬೊಟ್ಟು, ಕಾಲಿನ ಬಿಳಿ ಪಟ್ಟಿ ಲೆಕ್ಕಕ್ಕಿಲ್ಲ, ಮಾರುವವರು ಅದನ್ನೇ ತೋರಿಸುತ್ತಾರೆ! ಈಗ ಕಾಣದಿದ್ದರೆ ಮರಿಗೂದಲು ಉದುರುವ ಮೂರು ನಾಲ್ಕು ತಿಂಗಳವರೆಗೆ ಕಾಯಿರಿ.

ಲ್ಯಾಬ್ ಕೆಲಸ, ಹಿರಿಯೂರು: ಕಾಯಲಾಗದಿದ್ದರೆ ಡಿಎನ್‌ಎ ಪರೀಕ್ಷೆ. ಜೂಲಿನ ಅಥವಾ ಬಾಲದ ಕೂದಲು 20–30 ಎಳೆ, ಬುಡದ ಬಿಳಿ ಗುಬುಟು ಸಮೇತ ಕೀಳಬೇಕು. ಕತ್ತರಿಸಿದರೆ ದಂಡ, ಡಿಎನ್‌ಎ ಬೇಕಾದಷ್ಟು ಇರೋದು ಬುಡದಲ್ಲೇ. ಮರಿಗೂದಲು ಸಣ್ಣ, ಇನ್ನೊಂದಿಷ್ಟು ಹೆಚ್ಚಿಗೆ ತೆಗೆಯಿರಿ. ಒಣ ಕಾಗದದ ಕವರಿನಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ಬೆವೆತು ಬೂಸು ಹಿಡಿಯುತ್ತದೆ. ತಾಯಿದೂ ಕಳಿಸುವುದಾದರೆ ನಡುವೆ ಕೈ ತೊಳೆದು ಬೇರೆ ಕವರು.

ಪಶುವೈದ್ಯ, ಚಿತ್ರದುರ್ಗ: ನಾನು ಹೇಳಿದ ಆರೆಂಟು ವರ್ಷಕ್ಕೆ ಒಂದು ತಿದ್ದುಪಡಿ. 2008ರಲ್ಲಿ ಪತ್ತೆಯಾದ ಈ ಜೀನಿನಲ್ಲಿ ಸುಮಾರು 4,600 ಡಿಎನ್‌ಎ ಅಕ್ಷರದ ತುಣುಕೊಂದು ಮತ್ತೆ ಮತ್ತೆ ಬರುತ್ತದೆ. ಮೂರು ಸಲ ಇದ್ದರೆ ಬೇಗ ನರೆ, ಎರಡು ಸಲ ಇದ್ದರೆ ತುಂಬಾ ನಿಧಾನ. ಬೇಗ ನರೆಯುವವಕ್ಕೆ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಗಂಟಿನ ಕಾಟವೂ ಜಾಸ್ತಿ. ತಾಯಿಯ ಬಾಲ ಎತ್ತಿ ಗುದದ ಸುತ್ತ, ತುಟಿಯಂಚು ತಿಂಗಳಿಗೊಮ್ಮೆ ಮುಟ್ಟಿ ನೋಡಿ.