ಸೀರಿ ಒಂದ ಇದ್ರೂ ಮಾರೂದು ಬ್ಯಾರೆ ಆಗಬೇಕು

ತಂಗಿ, ನೀ ಗ್ರೂಪಿನ್ಯಾಗ ಹಾಕಿದ್ದು ಕೇಳಿದೆ. ಸೂರತ್ ವ್ಯಾಪಾರಿ ಕಡಿಂದ ತರಿಸಿದ ಜಾರ್ಜೆಟ್ ಸೀರಿ ನೀ ಆನ್‌ಲೈನ್ ಮಾರೂ ಆ್ಯಪಿನ್ಯಾಗ 499ಕ್ಕ ಹಾಕಿದಿ, ಅದ ಫೋಟೋ ಹಚ್ಚಿ ಮತ್ತೊಬ್ಬರು 459ಕ್ಕ ಹಾಕ್ಯಾರ, ನಾನೂ ಇಳಸ್ಲೇನು ಅಂತ ಕೇಳಿದಿ. ಕಾಕಾರು 'ಇಳಸು, ಮಾಲು ಓಡಲಿ' ಅಂದಾರ. ಕಾಕಾರ, ತಪ್ಪ ತಿಳೀಬ್ಯಾಡ್ರಿ, ಆ ಮಾತು ಹುಬ್ಬಳ್ಳಿ ದಾಜಿಬಾನಪೇಟಿ ಅಂಗಡ್ಯಾಗ ನಡೀತೈತ್ರಿ. ಅಲ್ಲಿ ಗಿರಾಕಿ ಒಂದ ಸೀರಿಗೆ ಬಂದು ಮೂರು ತಗೊಂಡು ಹೋಗ್ತಾರ. ಆನ್‌ಲೈನ್‌ದಾಗ ಒಂದ ಸೀರಿ, ಒಂದ ಪಾರ್ಸಲ್, ಪ್ರತಿ ಪಾರ್ಸಲ್‌ಗೂ ಬ್ಯಾರೆ ಖರ್ಚು.

ಲೆಕ್ಕ ಮಾಡಿ ನೋಡು ತಂಗಿ. 499ರಾಗ ಶೇಕಡಾ 5 ಜಿಎಸ್‌ಟಿ ತಗದ್ರ ಕೈಗೆ 475. ಸೀರಿ ಖರೀದಿ ಟ್ಯಾಕ್ಸ್ ಬಿಟ್ಟು 280, ಟ್ರಾನ್ಸ್‌ಪೋರ್ಟ್ 12 ಹಿಡಿ. ನೂರು ಪಾರ್ಸಲ್ ಕಳಿಸಿದ್ರ ಇಪ್ಪತ್ತು ವಾಪಸ್ ಬರ್ತಾವು, ಒಂದೊಂದು ರಿಟರ್ನಿಗೆ ಆ್ಯಪಿನವರು 150 ಕಡೀತಾರ ಅಂತ ಹಿಡಿ. ಅದು 3,000. ನೂರರ ಪ್ಯಾಕಿಂಗ್ ಹತ್ತರಂಗ 1,000. ಈ 4,000 ಮಾರಿ ಉಳಿದ 80 ಸೀರಿ ಮ್ಯಾಲ ಬೀಳತೈತಿ, ಅಂದ್ರ ಸೀರಿಗೆ 50. ಜಾಹೀರಾತು, ಕಮಿಷನ್, ಮತ್ತೊಂದು ಇನ್ನೊಂದು ಸೇರಿ 60. ಉಳದದ್ದು 73 ರೂಪಾಯಿ. ಈಗ 459ಕ್ಕ ಇಳಸು: 35 ಉಳೀತೈತಿ. ನಲವತ್ತು ಇಳಿಸಿದ್ದಕ್ಕ ಲಾಭ ಅರ್ಧಕ್ಕಿಂತ ಕಡಿಮಿ ಆತು, ಅಷ್ಟ ದುಡ್ಡಿಗೆ ಎರಡು ಪಟ್ಟಕ್ಕಿಂತ ಹೆಚ್ಚು ಪಾರ್ಸಲ್ ಕಟ್ಟಬೇಕು. ಇವು ಹಿಡಿದ ಅಂಕಿ, ನಿನ್ನ ಪೇಮೆಂಟ್ ಶೀಟ್ ತಗದು ನಿನ್ನವು ಹಾಕು. ಮತ್ತ ವ್ಯಾಪಾರಿ ಕಚ್ಚಾ ಚೀಟಿ ಕೊಟ್ರ ಖರೀದಿ ಟ್ಯಾಕ್ಸ್ 14 ರೂಪಾಯಿ ನಿನಗ ವಾಪಸ್ ಸಿಗೂದಿಲ್ಲ. ಪಕ್ಕಾ ಬಿಲ್ಲ ಬೇಕನ್ನು.

ಆ ಫೋಟೋ ಗೂಗಲ್ ಲೆನ್ಸ್‌ದಾಗ ಹಾಕು. ಎಷ್ಟು ಮಂದಿ ಅದ ಸೀರಿ ಇಟ್ಟಾರ ಅಂತ ಅಲ್ಲೇ ಕಾಣತೈತಿ. ಪುಟಗಟ್ಟಲೆ ಬಂದ್ರ ಆ ಡಿಸೈನ್ ನಂಬರ್ ಮತ್ತ ತರಸಬ್ಯಾಡ, ಇದ್ದ ಸ್ಟಾಕ್ ಖಾಲಿ ಮಾಡು. ಖರೀದಿ ಮಾಡೂ ಮೊದಲ ಇದನ್ನ ನೋಡಬೇಕು, ಯಾಕಂದ್ರ ಸೂರತ್‌ನವರು ಸೆಟ್ ಲೆಕ್ಕದಾಗ ಆರೆಂಟು ಬಣ್ಣ ಕೂಡೇ ಕಟ್ಟಿ ಕೊಡ್ತಾರ. ಎರಡು ಬಣ್ಣ ಓಡ್ತಾವು, ಉಳದವು ಕಪಾಟಿನ್ಯಾಗ ಕುಂದರ್ತಾವು.

ಫೋಟೋ ನೀನ ತಗಿ. ಮುಂಜಾನೆ ಪಡಸಾಲಿ ಬೆಳಕಿನ್ಯಾಗ, ಫ್ಲ್ಯಾಶ್ ಬ್ಯಾಡ, ಬಾಜೂಕ ಒಂದ ಬಿಳಿ ಹಾಳಿ ಇಡು. ಹಾಳಿ ಫೋಟೋದಾಗ ಬೆಳ್ಳಗ ಕಂಡ್ರ ಸೀರಿ ಬಣ್ಣನೂ ಖರೇ ಬಂದೈತಿ ಅಂತ. ಸೆರಗು, ಅಂಚು, ಕುಬಸದ ತುಂಡು, ಮತ್ತ ಅರಿವಿ ಕೆಳಗ ಕೈ ಇಟ್ಟು ಒಂದ ಫೋಟೋ, ಎಷ್ಟು ತೆಳು ಐತಿ ಅಂತ ಗೊತ್ತಾಗಲಿ. ಕ್ಯಾಟಲಾಗ್ ಫೋಟೋದಾಗ ಬಣ್ಣ ತಿದ್ದಿರ್ತಾರ. 'ಫೋಟೋದಾಗಿನ ಬಣ್ಣ ಅಲ್ಲ' ಅನ್ನೂ ರಿಟರ್ನ್ ಅದರಿಂದನ ಹುಟ್ಟತೈತಿ. ಟೇಪ್ ಹಿಡಿದು ಅಳಿ. ಲೇಬಲ್ ಮ್ಯಾಲ 6.3 ಮೀಟರ್ ಅಂತಿರತೈತಿ, ಅಂದ್ರ ಸೀರಿ 5.5, ಕುಬಸ 0.8. ಅಳದ್ರ ಒಮ್ಮೊಮ್ಮೆ 6 ಸುದ್ದಾ ಬರೂದಿಲ್ಲ. ಬಂದಷ್ಟ ಬರಿ. ಬಣ್ಣ ಬಿಡತೈತೇನು ಅಂತ ಒದ್ದಿ ಬಿಳಿ ಅರಿವಿಲೆ ಅಂಚು ತಿಕ್ಕಿ ನೋಡು.

ಈಗ ಮುಖ್ಯದ್ದು. ಸೂರತ್‌ದಿಂದ ಬಂದ ಸೀರಿ ಬಂದಂಗ ನಿನ್ನ ಮನಿಯಿಂದ ಹೋಗಬಾರದು. ಓಡೂ ನಾಕೈದು ಡಿಸೈನಿಗೆ ಫಾಲ್-ಪಿಕೋ ಮಾಡಿ ಇಡು. ಕಾಟನ್ ಫಾಲ್ ರಾತ್ರಿ ನೀರಾಗ ನೆನಸಿ, ಒಣಗಿಸಿ, ಇಸ್ತ್ರಿ ಹೊಡದ ಮ್ಯಾಲನ ಹಚ್ಚಸು. ನೆನಸಲಾರದ ಹಂಗ ಹಚ್ಚಿದ್ರ ಮೊದಲ ಒಗತಕ್ಕ ಫಾಲ್ ಕುಗ್ಗತೈತಿ, ಪಾಲಿಯೆಸ್ಟರ್ ಸೀರಿ ಕುಗ್ಗೂದಿಲ್ಲ, ಅಂಚೆಲ್ಲಾ ಸುಕ್ಕು ಹಿಡಿದು ಮ್ಯಾಲೇಳತೈತಿ. ಗಿರಾಕಿ ಸೀರಿನ ಸುಮಾರಂತ ಬರೀತಾರ. ಪಿಕೋಕ್ಕ ಕೊಡೂ ಮೊದಲ ಕುಬಸದ ತುಂಡು ಕತ್ತರಿಸಿ ತಗಿ.

ಅದಕ್ಕಿಂತ ಗಟ್ಟಿ ದಾರಿ, ಪ್ಲೇನ್ ಸೀರಿಗೆ ಗುಳೇದಗುಡ್ಡದ ಖಣದ ಕುಬಸ ಜೋಡಿಸಿ ಒಂದ ಸೆಟ್ ಮಾಡು. ಖಣದ ಪನ್ನಾ (ಅಗಲ) ಕಡಿಮಿ, 80 ಸೆಂಟಿಮೀಟರ್ ಸಾಲೂದಿಲ್ಲ, ಒಂದ ಮೀಟರ್ ಕೊಡು. ಈ ಜೋಡಿ ಸೂರತ್‌ನವರ ಕ್ಯಾಟಲಾಗಿನ್ಯಾಗ ಇರೂದಿಲ್ಲ, ಬೆಲಿ ಹೋಲಿಸಾಕ ಯಾರಿಗೂ ಬರೂದಿಲ್ಲ. ಮಗ್ಗ ಯಾವುದು, ನೂಲು ಯಾವುದು ಅಂತ ಇದ್ದದ್ದ ಬರಿ. ಪವರ್‌ಲೂಮ್ ಖಣಕ್ಕ ಕೈಮಗ್ಗ ಅನ್ನಬ್ಯಾಡ, ಪ್ರಿಂಟ್ ಸೀರಿಗೆ ಇಳಕಲ್ ಅನ್ನಬ್ಯಾಡ. ಇಳಕಲ್ ಸೀರಿಗೆ ಜಿಐ, ಅಂದ್ರ ಊರಿನ ಹೆಸರಿಗೆ ಕಾನೂನಿನ ರಕ್ಷಣಿ, ಐತಿ, ಕಾನೂನು ಒಂದ ಕಡೆ, ನೇಯೂವ್ರ ಹೊಟ್ಟಿ ಮ್ಯಾಲ ಹೊಡದಂಗ ಆಗತೈತಿ.

ಟ್ರೇಡ್‌ಮಾರ್ಕ್ ಕೇಳಿದ್ದಿ. ಒಬ್ಬರ ಹೆಸರಿಲೆ ಆನ್‌ಲೈನ್ ಅರ್ಜಿ ಹಾಕಿದ್ರ ಒಂದ ವರ್ಗಕ್ಕ 4,500 ರೂಪಾಯಿ ಫೀ, ಸೀರಿ 25ನೇ ವರ್ಗ. ಖರೆ, ಎಲ್ಲಾರೂ ಮಾರೂ ಸೀರಿಗೆ ನಿನ್ನ ಲೇಬಲ್ ಹಚ್ಚಿದ್ರ ಏನೂ ಕಾಯೂದಿಲ್ಲ, ಅವರು ಲೇಬಲ್ ಇಲ್ಲದ ಅದನ್ನ ಮಾರ್ತಾರ. ಖಣದ ಸೆಟ್ ಚೊಲೋ ಓಡಾಕ ಹತ್ತಿದ ಮ್ಯಾಲ ಅರ್ಜಿ ಹಾಕು.

ಪ್ಯಾಕಿಂಗ್ ಡಬ್ಬಿ ಬಿಡು. ಕೊರಿಯರ್‌ನವರು ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ದಾಗ ಗುಣಿಸಿ ಸಾಮಾನ್ಯವಾಗಿ 5000ಲೆ ಭಾಗಿಸಿ ತೂಕ ಹಿಡೀತಾರ. 30, 25, 8ರ ಡಬ್ಬಿ 1.2 ಕಿಲೋ ಲೆಕ್ಕ. ಅದ ಸೀರಿ ಚಪ್ಪಟಿ ಮಡಚಿ ಕವರಿನ್ಯಾಗ 4 ಸೆಂಟಿಮೀಟರ್ ಎತ್ತರಕ್ಕ ತಂದ್ರ 0.6. ಕಟ್ಟೂವಾಗ, ರಿಟರ್ನ್ ಬಿಚ್ಚೂವಾಗ ಲೇಬಲ್ ಕಾಣೂವಂಗ ನಿಲ್ಲಿಸದ ವಿಡಿಯೋ ತಗಿ. ಗಿರಾಕಿ ಒಳಗ ಹಳೇ ಸೀರಿ ಇಟ್ಟು ವಾಪಸ್ ಕಳಿಸಿದ್ರ ಕ್ಲೇಮಿಗೆ ಅದ ಸಾಕ್ಷಿ, ಅವಧಿ ದಾಟೂದ್ರಾಗ ಹಾಕಬೇಕು. ಪಾರ್ಸಲ್ ಒಳಗ 'ನನಗ ನೇರ ಫೋನ್ ಮಾಡ್ರಿ' ಅಂತ ಚೀಟಿ ಇಡಬ್ಯಾಡ, ಆ್ಯಪಿನವರು ಅಕೌಂಟ್ ಬಂದ್ ಮಾಡ್ತಾರ.

ದೀಪಾವಳಿ ಆದ ಮ್ಯಾಲ ಸೂರತ್ ಮಾರ್ಕೆಟ್ ಕೆಲವು ದಿನ ಬಂದ್ ಇರತೈತಿ, ಇಲ್ಲಿ ಲಗ್ನದ ಗಿರಾಕಿ ಆವಾಗನ ಚಾಲೂ. ಸ್ಟಾಕ್ ಇಟ್ಟವರಿಗೆ ಆ ವಾರ ರೇಟ್ ಇಳಿಸೂ ಕೆಲಸನ ಇಲ್ಲ. ಪ್ಲೇನ್ ಸೀರಿ ಮೊದಲ ತರಿಸಿ ಇಡು.

ಇವತ್ತ 499 ಹಂಗ ಇರಲಿ. ಹೋದ ತಿಂಗಳ ಪೇಮೆಂಟ್ ಶೀಟ್, ರಿಟರ್ನ್ ಕಾರಣದ ಪಟ್ಟಿ ನನಗ ಬ್ಯಾರೆ ಕಳಸು, ಯಾವ ಡಿಸೈನ್ ತಗದ ಹಾಕಬೇಕಂತ ಕೂಡೇ ನೋಡೋಣು.